ಒಂದೇ ಮನೆಯ ಸಾಮಾನು

"ಇದು ನಿಮಗೆ ಎಲ್ಲಿ ಸಿಕ್ತು?"

ಕೌಂಟರಿನ ಹಿಂದಿದ್ದ ಎತ್ತರದ ಮನುಷ್ಯ ನೀಲಿ ಗಾಜಿನ ಟೇಬಲ್ ಲ್ಯಾಂಪನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದ. ಮುಖ ಬಿಳಿಚಿಕೊಂಡಿತ್ತು.

"ಅಲ್ಲೇ, ಕೆಳಗಿನ ಶೆಲ್ಫಲ್ಲಿ. ಯಾಕೆ, ನಾನೇನು ಮನೆಯಿಂದ ತಂದಿದ್ದೀನಾ?" ಅವಳಿಗೆ ಸಿಟ್ಟು ಬಂತು. ಕದ್ದವಳನ್ನು ನೋಡುವ ಹಾಗೆ ನೋಡುತ್ತಿದ್ದಾನಲ್ಲ!

"ಅಯ್ಯೋ, ಹಾಗಲ್ಲ ಮೇಡಂ. ಬೇಜಾರು ಮಾಡ್ಕೋಬೇಡಿ." ಅವನು ಲ್ಯಾಂಪನ್ನು ಹಳೇ ಪೇಪರಿನಲ್ಲಿ ಸುತ್ತಿದ, ಮಲಗಿದ ಮಗುವಿಗೆ ಹೊದಿಸುವಷ್ಟು ಮೆಲ್ಲಗೆ.

ಅದು ಜನ ದಾನ ಕೊಟ್ಟ ಹಳೇ ಸಾಮಾನು ಮಾರುವ ಅಂಗಡಿ. ಬಂದ ಹಣವೆಲ್ಲ ಎದುರಿನ ಆಸರೆ ಮನೆಗೆ ಹೋಗುತ್ತಿತ್ತು. ವಾಸಿಯಾಗದ ಕಾಯಿಲೆಯವರು ತಮ್ಮ ಕೊನೆಯ ದಿನಗಳನ್ನು ಕಳೆಯುವ ಮನೆ ಅದು. ಅಂಗಡಿ ನಡೆಸುತ್ತಿದ್ದ ನಿವೃತ್ತ ನರ್ಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಅವನು ರಜೆಯ ದಿನ ಬಂದು ಅವರಿಗೆ ಕೈಜೋಡಿಸುತ್ತಿದ್ದ. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅಕ್ಕನ ಮನೆ ಬಿಟ್ಟು ಮೊದಲ ಸಲ ಒಬ್ಬಳೇ ಬಾಡಿಗೆ ಮನೆ ಹಿಡಿದಿದ್ದಳು. ಮನೆ ಪೂರ್ತಿ ಖಾಲಿ.

ಮುಂದಿನ ವಾರ ಅವಳು ಹಸಿರು ಸ್ವೆಟರ್ ಒಂದನ್ನು ಎತ್ತಿಕೊಂಡಳು. ಬಟ್ಟೆಯ ರಾಶಿಯ ತಳದಲ್ಲಿದ್ದರೂ ಅದು ಈಗಷ್ಟೇ ಯಾರೋ ಬಿಚ್ಚಿಟ್ಟ ಹಾಗೆ ಬೆಚ್ಚಗಿತ್ತು.

"ಇದೇ ಬೇಕಾ?" ಅವನ ದನಿ ಇಳಿದಿತ್ತು.

"ಯಾಕೆ, ನನಗೆ ಒಪ್ಪಲ್ವಾ?"

ಅವನು ತಲೆ ಎತ್ತಿದ. ನೋಟ ಅವಳ ಕೈಯಿಂದ ಮುಖಕ್ಕೆ ಬರಲು ತುಸು ಹೊತ್ತು ಹಿಡಿಯಿತು. ಬಂದ ಮೇಲೆ ಅಲ್ಲೇ ನಿಂತಿತು. "ಒಪ್ಪುತ್ತೆ," ಅಂದ. ಕಿವಿ ಕೆಂಪಗಾಗಿತ್ತು. ಅವಳು ಮನೆಯವರೆಗೂ ನಗುತ್ತಲೇ ನಡೆದಳು.

ಆಮೇಲೊಂದು ದಿನ ಅವನೇ ಕನ್ನಡಕದ ಅಂಗಡಿಗೆ ಬಂದು, ಕಣ್ಣು ಮಂಜು ಮಂಜು ಅಂತ ಕುರ್ಚಿಯಲ್ಲಿ ಕೂತ. ಅವಳು ತೋರಿಸಿದ ಅತಿ ಸಣ್ಣ ಸಾಲನ್ನೂ ಪಟಪಟನೆ ಓದಿಬಿಟ್ಟ.

"ನಿಮ್ಮ ಕಣ್ಣಿಗೇನೂ ಆಗಿಲ್ಲ. ಗೋಡೆ ಮೇಲಿನ ಇರುವೆಯನ್ನೂ ನೋಡ್ತೀರಿ."

"ಹಂಗಾದ್ರೆ ಇನ್ನೊಂದ್ಸಲ ನೋಡಿಬಿಡಿ."

"ಫೀಸು ಡಬಲ್ ಆಗುತ್ತೆ."

"ಆಗ್ಲಿ."

ಕತ್ತಲೆ ಮಾಡಿದ ಆ ಪುಟ್ಟ ಕೋಣೆಯಲ್ಲಿ ಟಾರ್ಚ್ ಹಿಡಿದು ಅವನ ಕಣ್ಣಿನೊಳಗೆ ಬಗ್ಗಿ ನೋಡುವಾಗ ಅವಳ ಉಸಿರು ತಪ್ಪಿತು. ಅಲ್ಲಿ ಆಸೆಯಿತ್ತು. ಅದರ ಹಿಂದೆ ಭಯವೂ ಇತ್ತು.

ಕೊನೆಗೆ ಅವಳು ಬೆತ್ತದ ಕುರ್ಚಿ ಕೊಂಡಾಗ ಅದನ್ನು ಹೊತ್ತು ತರಲು ಅವನೇ ಬಂದ. ಹೊಸ್ತಿಲು ದಾಟಿದವನು ಕಲ್ಲಿನಂತೆ ನಿಂತುಬಿಟ್ಟ. ಮೂಲೆಯಲ್ಲಿ ಲ್ಯಾಂಪು. ಬಾಗಿಲ ಪಕ್ಕದ ಮೊಳೆಯಲ್ಲಿ ಸ್ವೆಟರ್. ಗೋಡೆಗೆ ಓರೆಯಾಗಿ ಒರಗಿಸಿದ್ದ, ಅದೇ ಅಂಗಡಿಯ ಕನ್ನಡಿ.

"ಕುರ್ಚೀನ ಕಿಟಕಿ ಹತ್ರ, ಬೆಳಕಿಗೆ ಬೆನ್ನು ಹಾಕಿ..."

"ಗೊತ್ತು," ಅಂದ ಅವನು. ಇಟ್ಟು, ಅದರಲ್ಲೇ ಕುಸಿದು ಕೂತ. "ನಮ್ಮ ಮನೇಲಿ ನನ್ನ ಹೆಂಡ್ತಿನೂ ಇದನ್ನೆಲ್ಲ ಹೀಗೇ ಇಡ್ತಿದ್ಲು."

ಅವಳು ಲ್ಯಾಂಪಿನತ್ತ ತಿರುಗಿ ನೋಡಿದಳು.

"ಅಂಗಡಿ ಎದುರಿನ ಆಸರೆ ಮನೇಲೇ ತೀರಿಹೋದ್ಲು. ಆಮೇಲೆ ಅವಳ ಸಾಮಾನೆಲ್ಲ ನಾನೇ ಅಂಗಡಿಗೆ ಕೊಟ್ಟೆ. ಯಾವುದು ಯಾರದ್ದು ಅಂತ ಚೀಟಿ ಇಲ್ಲ, ಏನಿಲ್ಲ. ಅಷ್ಟು ರಾಶೀಲಿ ನೀವು ಅವಳದ್ದು ಬಿಟ್ಟು ಬೇರೆ ಏನೂ ಮುಟ್ಟಲಿಲ್ಲ. ಕನ್ನಡೀನ ಬೇಕಂತಲೇ ಬೀರು ಹಿಂದೆ ಅಡಗಿಸಿಟ್ಟೆ. ನೀವು ಸೀದಾ ಅಲ್ಲಿಗೇ ಬಂದ್ರಿ."

"ಅಂದ್ರೆ ಇಷ್ಟು ದಿನ ನನ್ನ ಕೈ ನೋಡ್ತಿದ್ರಿ. ನನ್ನನ್ನಲ್ಲ."

ಅವನು ಕುರ್ಚಿಯಿಂದ ಎದ್ದ.

"ಹೋಗಿ," ಅಂದಳು ಅವಳು. ಅವನು ಹೋದ.

ಸಂಜೆ ಅಕ್ಕನ ಫೋನು ಬಂತು. "ಏನೇ, ಅದೇನು ಹಾಡು ಗುನುಗ್ತಾ ಇದ್ದೀ?"

"ನಾನಾ? ಇಲ್ಲಪ್ಪ."

"ಫೋನ್ ಎತ್ತಿದಾಗಿಂದ ಗುನುಗ್ತಾ ಇದ್ದೀಯಲ್ಲೇ! ನಿನಗೆ ಯಾವಾಗಿಂದ ರಾಗ ಬಂತು?"

ಅವಳು ತುಟಿ ಮುಟ್ಟಿಕೊಂಡಳು. ಮುಚ್ಚಿಯೇ ಇದ್ದವು. ಗುನುಗು ಮಾತ್ರ ಕಿಟಕಿಯ ಕಡೆಯಿಂದ ಇನ್ನೂ ಕೇಳುತ್ತಿತ್ತು. ತಿರುಗಿ ನೋಡಿದಾಗ ಬೆತ್ತದ ಕುರ್ಚಿ, ಯಾರೋ ಎದ್ದು ಹೋದ ಹಾಗೆ, ಕಿರ್ರೆಂದಿತು.

ಅವನ ಮುಂದಿನ ರಜೆಯ ದಿನ, ಬೆಳಗ್ಗೆಯೇ ಅವಳು ಎಲ್ಲವನ್ನೂ ಒಂದು ಟೆಂಪೋದಲ್ಲಿ ಹೇರಿ ತಂದು ಅಂಗಡಿಯಲ್ಲಿ ಇಳಿಸಿದಳು. ದೊಡ್ಡಮ್ಮ ಇಬ್ಬರ ಮುಖವನ್ನೂ ನೋಡಿ, "ನಾನು ಟೀ ಕುಡ್ಕೊಂಡು ಬರ್ತೀನಪ್ಪ," ಅಂತ ಎದುರಿನ ಮನೆಗೆ ನಡೆದರು.

"ಇವು ನನಗೆ ಬೇಡ," ಅಂದಳು ಅವಳು. "ನಿಮ್ಮ ಹೆಂಡ್ತಿ ಮೇಲೆ ಕೋಪ ಇಲ್ಲ. ಆದರೆ ನಾನು ಅವರ ನೆರಳಾಗಿ ಬದುಕೋಕೆ ಆಗಲ್ಲ. ನೀವು ಯಾರನ್ನ ನೋಡ್ತಿದ್ರಿ ಅಂತ ಇವತ್ತು ನಂಗೆ ಗೊತ್ತಾಗ್ಬೇಕು. ಈ ಅಂಗಡೀಲಿ ನನಗೆ ಅಂತ ಒಂದು ವಸ್ತು ಆರಿಸಿ ಕೊಡಿ. ಸರಿಯಿಲ್ಲ ಅಂದ್ರೆ ಮತ್ತೆ ಈ ಕಡೆ ಬರಲ್ಲ."

ಅವನು ಯೋಚಿಸಲಿಲ್ಲ. ನೇರವಾಗಿ ಆಟದ ಸಾಮಾನಿನ ಬುಟ್ಟಿಗೆ ಹೋಗಿ ರಟ್ಟಿನ ಕೊಳವೆಯೊಂದನ್ನು ತಂದ. ಒಂದು ತುದಿಗೆ ಕಣ್ಣಿಟ್ಟು ತಿರುಗಿಸಿದರೆ ಒಳಗಿನ ಬಣ್ಣದ ಗಾಜಿನ ಚೂರುಗಳು ಹೂವಾಗಿ ಅರಳುವ ಆಟಿಕೆ.

"ಇದಾ?"

"ನಿಮಗೆ ಏನಾದ್ರೂ ನಿಜವಾಗ್ಲೂ ಇಷ್ಟ ಆದ್ರೆ ಎಡಗಣ್ಣು ಮುಚ್ಚಿ ನೋಡ್ತೀರಿ. ನಿಮಗೇ ಗೊತ್ತಿಲ್ಲ ಅನ್ಸುತ್ತೆ. ಅಂಗಡಿ ಬೆಕ್ಕನ್ನ ಹಂಗೆ ನೋಡಿದ್ರಿ. ದೊಡ್ಡಮ್ಮನ ಮೊಮ್ಮಗಳನ್ನ ಹಂಗೆ ನೋಡಿದ್ರಿ. ಅವಳ ಸಾಮಾನು ತಗೊಂಡಾಗ ಒಂದ್ಸಲಾನೂ ಮುಚ್ಚಲಿಲ್ಲ. ನಿದ್ದೇಲಿ ನಡೆಯೋರ ಥರ ಬಂದು ಎತ್ಕೊಂಡು ಹೋಗ್ತಿದ್ರಿ. ಅದಕ್ಕೇ ಹೆದರಿದ್ದು ನಾನು." ಅವನು ಕೊಳವೆಯನ್ನು ಅವಳ ಕೈಗಿಟ್ಟ. "ಮೊದಮೊದಲು ಕೈ ನೋಡಿದ್ದು ನಿಜ. ಆಮೇಲೆ ಆ ಕಣ್ಣಿಗೋಸ್ಕರ ಕಾಯ್ತಿದ್ದೆ."

"ನಿಮ್ಮನ್ನ ಯಾವತ್ತಾದ್ರೂ ಹಂಗೆ ನೋಡಿದ್ದೀನಾ?"

"ಈಗ ನೋಡ್ತಾ ಇದ್ದೀರಿ."

ಹೌದು. ಎಡಗಣ್ಣು ತಾನಾಗಿಯೇ ಮುಚ್ಚಿಕೊಂಡಿತ್ತು. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರೂ.

"ನೀವು ನಂಗೆ ಇಷ್ಟ," ಅಂದ ಅವನು. "ಭಯ ಆಗುವಷ್ಟು."

"ನಂಗೂ ಭಯಾನೇ," ಅಂದಳು. "ಆದ್ರೂ ಬನ್ನಿ, ಒಂದಿಷ್ಟು ನಡೆಯೋಣ."

ಅವಳು ಹಿಂದೆ, ಅವನು ಮುಂದೆ. ಅವನ ದೃಷ್ಟಿಯೆಲ್ಲ ಹಿಂದೆ ಬರುತ್ತಿದ್ದವಳ ಮೇಲೆಯೇ. ಅಂಗಡಿಯ ಬಾಗಿಲು ಅವನ ಎತ್ತರಕ್ಕೆ ಗಿಡ್ಡವಾಗಿತ್ತು; ಹಣೆ ಇನ್ನೇನು ಚೌಕಟ್ಟಿಗೆ ಬಡಿಯುವುದರಲ್ಲಿತ್ತು. ಆಗ ಅವಳ ಕಿವಿಯ ಪಕ್ಕದಲ್ಲೇ, ಉಸಿರು ತಾಗುವಷ್ಟು ಹತ್ತಿರದಲ್ಲಿ, ಒಂದು ಹೆಣ್ಣುದನಿ ಸಲಿಗೆಯಿಂದ ಗದರಿತು.

ಅವಳು ಅವನ ತೋಳು ಹಿಡಿದೆಳೆದಳು. ಖಾಲಿ ಅಂಗಡಿಯತ್ತ ತಿರುಗಿ ನೋಡಿದಳು.

"ಬೆಕ್ಕಪ್ಪ ಅಂದ್ರೆ ಯಾರು?"

ಅವನು ಬಾಗಿಲಲ್ಲೇ ನಿಂತ. ಆ ಹೆಸರಿನಿಂದ ಅವನನ್ನು ಕರೆದವಳು ಲೋಕದಲ್ಲಿ ಒಬ್ಬಳೇ.

"ಏನಂದ್ಲು?" ಅವನು ಕೇಳಿದ.

"'ಬೆಕ್ಕಪ್ಪಾ, ಮುಂದೆ ನೋಡ್ಕೊಂಡು ಹೋಗು.'"

ಅವನು ಬಹಳ ಹೊತ್ತು ಅತ್ತ. ಅವಳು ತೋಳು ಬಿಡಲಿಲ್ಲ. ಆಮೇಲೆ ಅವನು ತಲೆ ಬಗ್ಗಿಸಿದ. ಇಬ್ಬರೂ ಒಟ್ಟಿಗೆ ಬಿಸಿಲಿಗೆ ಹೊರಟರು.