ಮಧ್ಯಾಹ್ನದ ಸ್ವೆಟರ್

“ಏ ಫರೀನ್, ಅಲ್ನೋಡ! ನಿಮ್ಮ ಅಪ್ಪಾರಿಗೆ ಜ್ವರ ಬಂದಾವೇನ?”

ಪ್ರಣಿತಾ ಬಾಯಲ್ಲಿದ್ದ ಅನ್ನವನ್ನು ನುಂಗದೆಯೇ ಕೇಳಿದಳು. ಶಾಲೆಯ ಕಟ್ಟೆಯ ಮೇಲೆ ಬಿಸಿಯೂಟಕ್ಕೆ ಕುಳಿತಿದ್ದ ಹುಡುಗಿಯರೆಲ್ಲ ಒಟ್ಟಿಗೇ ರಸ್ತೆಯ ಕಡೆ ತಿರುಗಿದರು.

ಶುಕ್ರವಾರದ ನಮಾಜು ಮುಗಿದಿತ್ತು. ಮಸೀದಿಯಿಂದ ಜನ ಗುಂಪುಗುಂಪಾಗಿ ಬರುತ್ತಿದ್ದರು. ಡಿಸೆಂಬರ್ ತಿಂಗಳಾದರೂ ಸವದತ್ತಿಯ ಮಧ್ಯಾಹ್ನದ ಬಿಸಿಲಿಗೆ ಅದರ ಪರಿವೆ ಇರಲಿಲ್ಲ. ಎಲ್ಲರೂ ಗೋಡೆಯ ನೆರಳು ಹಿಡಿದು ನಡೆಯುತ್ತಿದ್ದರು. ಅವರ ನಡುವೆ ಫರೀನ್‌ಳ ಅಬ್ಬಾ ಖಾಸಿಮಸಾಬರೂ ಇದ್ದರು. ಬಿಳಿ ಜುಬ್ಬಾ, ಬಿಳಿ ಪೈಜಾಮ, ಅದರ ಮೇಲೊಂದು ಹಾಲಿನಂಥ ಬಿಳಿ ಸ್ವೆಟರ್. ಹಣೆಯಿಂದ ಬೆವರು ಇಳಿದು ಗಡ್ಡದಲ್ಲಿ ಸೇರುತ್ತಿತ್ತು.

“ಜ್ವರಾ ಇಲ್ಲ, ಏನೂ ಇಲ್ಲ,” ಎಂದಳು ಫರೀನ್.

“ಮತ್ತ ಈ ಬಿಸಲಾಗ ಸ್ವೆಟರ್ ಯಾಕ? ಒಳಗ ಐಸ್ ಇಟಗೊಂಡಾರೇನ?”

ಎಲ್ಲರೂ ನಕ್ಕರು. ಫರೀನ್ ಕೂಡ ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು.

ಆ ಸ್ವೆಟರ್ ಹೆಣೆದವಳು ಅವಳೇ. ಅದನ್ನು ಪ್ರಣಿತಾಗೆ ಹೇಳಬೇಕೆಂದು ಬಾಯಿ ತೆರೆದಳು. ಒಂದು ತುತ್ತು ಅನ್ನ ಇಟ್ಟುಕೊಂಡು ಮುಚ್ಚಿದಳು. ತಟ್ಟೆಯಲ್ಲಿ ಸಾರು ಆರುತ್ತಿತ್ತು.

ಅಬ್ಬಾ ಆಟೋ ಓಡಿಸುತ್ತಿದ್ದರು. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಜನ ಬೆಳಗಿನ ಜಾವವೇ ಬಸ್ಸಿನಿಂದ ಇಳಿಯುತ್ತಾರೆ. ಹಾಗಾಗಿ ಬೆಳಕು ಹರಿಯುವ ಮೊದಲೇ ಅವರು ಮನೆ ಬಿಡುತ್ತಿದ್ದರು. ತೆಳ್ಳನೆಯ ಖಾಕಿ ಅಂಗಿ, ಕಿವಿಗೆ ಸುತ್ತಿದ ಟವೆಲ್ಲು, ಅಷ್ಟೇ. ಆಟೋ ಚಾಲೂ ಮಾಡುವ ಮುಂಚೆ ಅವರು ಎರಡೂ ಕೈಗಳನ್ನು ಬಾಯಿಯ ಮುಂದೆ ಹಿಡಿದು ಉಸಿರು ಊದಿಕೊಳ್ಳುವ ಸದ್ದು ಕಿಟಕಿಯೊಳಗೆ ಬರುತ್ತಿತ್ತು. ಫರೀನ್ ಹೊದಿಕೆಯೊಳಗೆ ಬೆಚ್ಚಗೆ ಮಲಗಿ ಅದನ್ನು ಕೇಳುತ್ತಿದ್ದಳು. ಆಮೇಲೆ ಆಟೋದ ಸದ್ದು ಓಣಿ ದಾಟಿ ಹೋಗುತ್ತಿತ್ತು. ಅವಳಿಗೆ ಮತ್ತೆ ನಿದ್ದೆ ಬರುತ್ತಿರಲಿಲ್ಲ.

ದಸರೆಯ ರಜೆಯಲ್ಲಿ ಅವಳು ಪಕ್ಕದ ಮನೆಯ ರಾಜೇಶ್ವರಿ ಕಾಕು ಹತ್ತಿರ ಹೋಗಿ, “ಕಾಕು, ನನಗ ಸ್ವೆಟರ್ ಹೆಣಿಯೂದು ಕಲಸ್ರಿ,” ಎಂದಿದ್ದಳು.

“ಮೊದಲ ಬಣ್ಣ ಆರಸಬೇಕು,” ಎಂದರು ಕಾಕು. “ಅಂಗಡ್ಯಾಗ ಚಂದ ಕಾಣೂದು ಬ್ಯಾರೆ, ಮೈಮ್ಯಾಲೆ ಚಂದ ಕಾಣೂದು ಬ್ಯಾರೆ. ನಿಮ್ಮ ಅಬ್ಬಾ ದಿನಾ ಏನ ಹಾಕ್ಕೋತಾರ, ನೋಡ್ಕೊಂಡ ಬಾ. ಅದಕ್ಕ ಹೊಂದೂ ಹಂಗ ತರೂಣು.”

ಫರೀನ್ ಮನೆಗೆ ಓಡಿದಳು. ಖಾಕಿ ಅಂಗಿಗಳು ಬಚ್ಚಲಿನ ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ಅವುಗಳ ಕಡೆ ಅವಳು ನೋಡಲೇ ಇಲ್ಲ. ಗೋಡೆಯ ಗೂಟಕ್ಕೆ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೂಗುಹಾಕಿತ್ತು. ಅದನ್ನು ತೊಟ್ಟು ನಮಾಜಿಗೆ ಹೊರಟಾಗ ಅಬ್ಬಾ ಎಷ್ಟು ಎತ್ತರ ಕಾಣುತ್ತಿದ್ದರು! ಅಬ್ಬಾ ಎಂದರೆ ಅವಳ ಕಣ್ಣ ಮುಂದೆ ಬರುತ್ತಿದ್ದುದು ಅದೇ ರೂಪ.

“ಬಿಳಿ,” ಎಂದಳು, ಏದುಸಿರು ಬಿಡುತ್ತ ವಾಪಸು ಬಂದು.

“ಬಿಳೀನಾ?” ಕಾಕು ಸ್ವಲ್ಪ ತಡೆದರು. “ಹೊಲಸ ಲಗೂ ಕಾಣತೈತಿ ನೋಡವಾ.”

“ಕಾಣಲೇಳ್ರಿ. ನಮ್ಮ ಅಬ್ಬಾಗ ಬಿಳೀನ ಛಲೋ ಕಾಣತೈತಿ.”

ತೋಳಿಲ್ಲದ ಸ್ವೆಟರ್ ಅದು. ಮುಂದಿನದೊಂದು ಭಾಗ, ಹಿಂದಿನದೊಂದು ಭಾಗ. ಆದರೂ ಎಷ್ಟೋ ಸಲ ಸೂಜಿಯಿಂದ ಕುಣಿಕೆ ಜಾರಿತು. ಎಷ್ಟೋ ಸಲ ಸಾಲು ಸೊಟ್ಟಗಾಯಿತು. ತೋರುಬೆರಳಿನ ತುದಿ ಉರಿದು, ಆಮೇಲೆ ಗಡುಸಾಯಿತು. ಪ್ರಣಿತಾ ಆಟಕ್ಕೆ ಕರೆದಾಗಲೆಲ್ಲ ಫರೀನ್ ಏನಾದರೊಂದು ನೆವ ಹೇಳಿ ಕಾಕು ಮನೆಯಲ್ಲಿ ಕುಳಿತಳು. ಕೊನೆಗೆ ಎರಡೂ ಭಾಗಗಳನ್ನು ಕೂಡಿಸಿ, ಕುತ್ತಿಗೆಯ ಅಂಚನ್ನು ಕಾಕು ಮುಗಿಸಿಕೊಟ್ಟರು.

ಅದನ್ನು ಅವಳು ತಂದಾಗ ಅಬ್ಬಾ ಆಗತಾನೇ ಕೆಲಸದಿಂದ ಬಂದಿದ್ದರು. ಎಂದಿನಂತೆ ಅವರ ಹಣೆ, ಹೆಗಲು, ಅಂಗೈಯೆಲ್ಲ ಭಂಡಾರದಿಂದ ಹಳದಿಯಾಗಿದ್ದವು. ಗುಡ್ಡದಲ್ಲಿ ದೇವಿಗೆ ಹಾರಿಸುವ, ಒಬ್ಬರಿಗೊಬ್ಬರು ಹಚ್ಚುವ ಅರಿಸಿನದ ಪುಡಿಯೇ ಭಂಡಾರ. ಗುಡ್ಡಕ್ಕೆ ಹೋದವರು ಯಾರೂ ಹಳದಿಯಾಗದೆ ಬರುವುದಿಲ್ಲ.

ಅಬ್ಬಾ ಸ್ವೆಟರನ್ನು ಅಂಗೈಯಿಂದ ಮುಟ್ಟಲಿಲ್ಲ. ಕೈಯ ಹಿಂಬದಿಯಿಂದ ಮೆಲ್ಲಗೆ ಸವರಿದರು.

“ನೀನ ಹೆಣದೀಯಾ? ಎಲ್ಲಾ?”

“ಕುತ್ತಿಗಿ ಒಂದ ಕಾಕು ಮಾಡಿದ್ರು.”

ಅಬ್ಬಾ ಅಮ್ಮಿಯ ಕಡೆ ತಿರುಗಿ, “ಶಾಹಿಸ್ತಾ, ಮೊದಲ ಇದನ್ನ ಟ್ರಂಕಿನ್ಯಾಗ ಇಡ,” ಎಂದರು.

ಮರುದಿನ ಬೆಳಗಿನ ಜಾವ ಅದೇ ತೆಳ್ಳನೆಯ ಅಂಗಿಯಲ್ಲಿ ಹೊರಟರು. ಅದರ ಮರುದಿನವೂ ಹಾಗೆಯೇ. ಸ್ವೆಟರ್ ಟ್ರಂಕಿನಿಂದ ಹೊರಗೆ ಬರುತ್ತಿದ್ದುದು ಶುಕ್ರವಾರ ಮಾತ್ರ, ಅದೂ ನೆತ್ತಿ ಸುಡುವ ಮಧ್ಯಾಹ್ನ.

ಪ್ರಣಿತಾ ನಕ್ಕ ಆ ಸಂಜೆ, ಅಬ್ಬಾ ಊಟಕ್ಕೆ ಕುಳಿತಾಗ ಫರೀನ್ ಹತ್ತಿರ ಹೋಗಿ ಕುಳಿತಳು.

“ಅಬ್ಬಾ, ಅದು ಚುಚ್ಚತೈತೇನ?”

“ಯಾವದು ಬೇಟಾ?”

“ಸ್ವೆಟರ್.”

“ಇಲ್ಲ. ಮೆತ್ತಗ ಐತಿ.”

“ಸಣ್ಣ ಆಗೈತೇನ?”

“ಇಲ್ಲ ಇಲ್ಲ. ಬರೋಬ್ಬರಿ ಐತಿ.”

“ಮತ್ತ ಮುಂಜಾನೆ ಥಂಡ್ಯಾಗ ಬಿಟ್ಟು, ಮಧ್ಯಾಹ್ನ ಬಿಸಲಾಗ ಯಾಕ ಹಾಕ್ಕೋತಿ?”

ಅಬ್ಬಾ ರೊಟ್ಟಿ ಮುರಿದರು. ಪಲ್ಯ ಹಚ್ಚಿಕೊಂಡರು. ನಿಧಾನವಾಗಿ ಅಗಿದರು.

“ಅವರನ್ನೇನ ಕೇಳತಿ?” ಎಂದಳು ಅಮ್ಮಿ, ಒಲೆಯ ಮುಂದಿನಿಂದ. “ನಿಮ್ಮ ಅಬ್ಬಾಗ ಮಾತು ಅಂದ್ರ ಪೆಟ್ರೋಲ್ ಇದ್ದಂಗ. ಇಳಕಲ ಬಂದ್ರ ಸಾಕು, ಇಂಜಿನ್ ಬಂದ್ ಮಾಡಿ ಉಳಸತಾರ.”

ಅಬ್ಬಾ ನಕ್ಕುಬಿಟ್ಟರು. ಫರೀನ್‌ಗೆ ನಗು ಬರಲಿಲ್ಲ. ಅವಳಿಗೆ ಈಗ ಎಲ್ಲ ಗೊತ್ತಾದಂತಾಯಿತು. ಅಬ್ಬಾಗೆ ಸ್ವೆಟರ್ ಇಷ್ಟವಾಗಿಲ್ಲ. ಮಗಳ ಮನಸ್ಸಿಗೆ ಬೇಸರವಾದೀತೆಂದು ವಾರಕ್ಕೊಮ್ಮೆ ಹಾಕಿಕೊಂಡು ಬೆವರುತ್ತಾರೆ, ಅಷ್ಟೇ.

ಆದರೂ ಒಂದು ಸಲ ಅದನ್ನು ಅವರ ಮೈಮೇಲೆ ಚಳಿಯಲ್ಲಿ ನೋಡಬೇಕಿತ್ತು ಅವಳಿಗೆ.

ಭಾನುವಾರ ಫರೀನ್ ಹೂಲಿಗೆ, ನಾನಿ ರಹೀಮಬಿಯ ಮನೆಗೆ ಹೋಗುವುದಿತ್ತು. “ಮುಂಜಾನೆ ನನ್ನ ಕೂಡನ ಬಾ. ಗುಡ್ಡಕ್ಕ ಒಂದ ಟ್ರಿಪ್ ಹೊಡದು, ಹಂಗ ಹೂಲಿಗೆ ಬಿಡತೇನಿ,” ಎಂದಿದ್ದರು ಅಬ್ಬಾ. ಅವರು ಆಟೋ ಒರೆಸಲು ಹೊರಗೆ ಹೋದಾಗ ಫರೀನ್ ಟ್ರಂಕು ತೆರೆದು, ಸ್ವೆಟರನ್ನು ತನ್ನ ಚೀಲದೊಳಗೆ ತುರುಕಿಕೊಂಡಳು. ಚಳಿ ಜೋರಾದಾಗ ತೆಗೆದು ಕೈಗೆ ಕೊಡುವುದು. ಸೀಟಿನ ತುಂಬ ಜನರಿರುವಾಗ ಅಬ್ಬಾ ಹೇಗೆ ಒಲ್ಲೆ ಅನ್ನುತ್ತಾರೆ, ನೋಡೋಣ!

ಬಸ್ ಸ್ಟ್ಯಾಂಡಿನಲ್ಲಿ ರಾಮದುರ್ಗದ ಕಡೆಯವರೊಂದು ಕುಟುಂಬ ಹತ್ತಿತು. ಒಬ್ಬ ಅಜ್ಜಿ, ಅವಳ ಮಗ, ಸೊಸೆ. ಫರೀನ್ ಮುಂದೆ ಅಬ್ಬಾರ ಪಕ್ಕದಲ್ಲಿ ಮುದುಡಿ ಕುಳಿತಳು. ಆಟೋ ಊರು ದಾಟುತ್ತಲೇ ಎರಡೂ ಕಡೆಯಿಂದ ಗಾಳಿ ನುಗ್ಗಿತು. ಅವಳ ಹಲ್ಲು ಕಟಕಟ ಎಂದವು. ಅಬ್ಬಾರ ಮುಂಗೈಯ ಮೇಲೆ ಕೂದಲೆಲ್ಲ ಎದ್ದು ನಿಂತಿದ್ದವು.

“ಅಬ್ಬಾ...” ಎಂದಳು.

“ಗುಡ್ಡ ಬಂತ ತಡಿ ಬೇಟಾ,” ಎಂದರು ಅಬ್ಬಾ, ಏರಿನಲ್ಲಿ ಗೇರು ಬದಲಿಸುತ್ತ.

ಮೇಲೆ ಆಟೋಗಳು ನಿಲ್ಲುವ ಜಾಗಕ್ಕೆ ಬಂದಾಗ ಪೂರ್ವದಲ್ಲಿ ಕೆಂಪು ಮೂಡಿತ್ತು. ಮಗ ಸೊಸೆ ಗಂಟುಗಳನ್ನು ಇಳಿಸುವ ಗಡಿಬಿಡಿಯಲ್ಲಿದ್ದರು. ಅಜ್ಜಿಯ ಮೊಣಕಾಲು ಚಳಿಗೆ ಹಿಡಿದುಕೊಂಡಿತ್ತು. ಅಬ್ಬಾ ಬಂದು ಅವಳ ಮುಂದೆ ಬಗ್ಗಿ ಹೆಗಲು ಕೊಟ್ಟರು. ಅಜ್ಜಿ ಆ ಹೆಗಲ ಮೇಲೆ ಭಾರ ಹಾಕಿ, ಒಂದೊಂದೇ ಕಾಲು ಕೆಳಗಿಟ್ಟಳು. ನಿಂತು ಸುಧಾರಿಸಿಕೊಂಡು, ಸೊಂಟದ ಸಂಚಿ ಬಿಚ್ಚಿ ಒಂದು ಹಿಡಿ ಭಂಡಾರ ತೆಗೆದಳು.

“ಹುಷಾರಾಗಿ ಕರಕೊಂಡ ಬಂದಿ ನನ್ನಪ್ಪಾ. ನಿನ್ನ ಹೊಟ್ಟಿ ತಣ್ಣಗಿರಲಿ.”

“ಏ ಯವ್ವಾ,” ಎಂದ ಮಗ, ಅಬ್ಬಾರ ಗಡ್ಡದ ಕಡೆ ನೋಡಿ, ತುಸು ನಾಚಿಕೆಯಿಂದ. “ಅವರು ಸಾಹೇಬ್ರು ಅದಾರ. ಭಂಡಾರ ಹಚ್ಚಬ್ಯಾಡ.”

“ಸಾಹೇಬ್ರ ಇದ್ರ ಏನಾತೋ? ಹಡದ ಮಗಾ ನೀ ಗಂಟ ಇಳಸಿದಿ. ನನ್ನ ಇಳಸಿದಾಂವ ಇಂವ.”

ಸೊಸೆ ಕಿಸಕ್ಕನೆ ನಕ್ಕಳು. ಮಗ ತಲೆ ಕೆರೆದುಕೊಂಡ.

ಕುಳ್ಳಗಿನ ಅಜ್ಜಿಗೆ ಎಟುಕುವಂತೆ ಅಬ್ಬಾ ಇನ್ನಷ್ಟು ಬಗ್ಗಿದರು. ಅಜ್ಜಿ ಅವರ ಹಣೆಗೆ ಹಚ್ಚಿದಳು. ಆಮೇಲೆ ಎರಡೂ ಹೆಗಲ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಅಂದಳು. ಅದು ಮುಗಿಯುವ ತನಕ ಅಬ್ಬಾ ಅಲುಗಲಿಲ್ಲ. ಖಾಕಿ ಅಂಗಿಯ ಮೇಲೆ ಹಳದಿ ಇಳಿಯಿತು. ಅಲ್ಲಿ ಹಳೆಯ ಹಳದಿಯೂ ಇತ್ತು, ಎಷ್ಟೋ ಜನರ ಕೈಯದು.

ಫರೀನ್‌ಳ ಕೈ ಚೀಲದೊಳಗೆ ಸ್ವೆಟರಿನ ಮೇಲಿತ್ತು.

ಪಕ್ಕದಲ್ಲೇ ಇನ್ನೊಂದು ಆಟೋ ನಿಂತಿತು. ಕಾಂತೇಶನದು. ಅವನು ಹೊಸ ಜಾಕೆಟ್ ಹಾಕಿದ್ದ. ಅವನ ಆಟೋದಿಂದ ಇಳಿದ ಹೆಂಗಸೊಬ್ಬಳು ಭಂಡಾರದ ಕೈ ಎತ್ತಿ ಅವನ ಹತ್ತಿರ ಬಂದಳು.

“ಏ ಏ ಯಕ್ಕಾ, ಬ್ಯಾಡ! ಹೊಸಾ ಜಾಕೀಟ್ ಐತಿ. ಡಾಗ ಬಿತ್ತಂದ್ರ ಹೋಗಂಗಿಲ್ಲ,” ಎಂದು ಕಾಂತೇಶ ನಗುತ್ತಲೇ ಹಿಂದೆ ಸರಿದ.

ಅವನು ಕೆಟ್ಟವನೇನಲ್ಲ. ಫರೀನ್‌ಗೆ ಎಷ್ಟೋ ಸಲ ಚಾಕ್ಲೇಟ್ ಕೊಡಿಸಿದವನು. ಆದರೆ ಆ ಹೆಂಗಸಿನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಎಲ್ಲಿ ಇಳಿಸಬೇಕೆಂದು ತಿಳಿಯದ ಕೈ. ಆಮೇಲೆ ಅವಳು ಅದನ್ನು ಆಟೋದ ಗಾಜಿಗೆ ಸವರಿ, ಸೆರಗು ಸರಿಮಾಡಿಕೊಂಡು ಸುಮ್ಮನೆ ಹೊರಟುಹೋದಳು.

ಫರೀನ್ ಆ ಗಾಜನ್ನು ನೋಡಿದಳು. ಆಮೇಲೆ ಅಬ್ಬಾರ ಹೆಗಲನ್ನು ನೋಡಿದಳು. ಬಿಳಿ ಸ್ವೆಟರ್ ಹಾಕಿಕೊಂಡು ಬಂದಿದ್ದರೆ ಅಬ್ಬಾ ಈಗ ಏನು ಮಾಡಬೇಕಿತ್ತು? ಹಿಂದೆ ಸರಿಯಬೇಕಿತ್ತು. ಇಲ್ಲವೇ ಮಗಳು ಹೆಣೆದದ್ದು ಕೆಡಲಿ ಎಂದು ನಿಲ್ಲಬೇಕಿತ್ತು.

ಅವಳು ಸ್ವೆಟರಿನಿಂದ ಕೈ ತೆಗೆದು ಚೀಲದ ಜಿಪ್ ಎಳೆದಳು.

“ಆಗಲೇ ಏನೋ ಅನ್ನಾಕ ಹತ್ತಿದ್ದಿ?” ಎಂದು ಕೇಳಿದರು ಅಬ್ಬಾ, ಬಂದು ಕುಳಿತು.

“ಏನಿಲ್ಲ.”

“ಥಂಡಿ ಆತೇನ?”

“ನಿನಗ?”

ಅಬ್ಬಾ ಕೈಗೆ ಉಸಿರು ಊದಿಕೊಂಡರು.

ಸಂಜೆ ಹೂಲಿಯಿಂದ ಮನೆಗೆ ಬಂದವಳೇ ಫರೀನ್ ಹೊಸ್ತಿಲ ಬಳಿ ಕುಳಿತಳು. ಸ್ವೆಟರನ್ನು ತೊಡೆಯ ಮೇಲೆ ಹರಡಿ, ಪಕ್ಕದ ಹೊಲಿಗೆ ಬಿಚ್ಚಿದಳು. ಕುತ್ತಿಗೆಯ ಹತ್ತಿರದ ಗಂಟನ್ನು ಹುಡುಕಿ ಸೂಜಿಯಿಂದ ಸಡಿಲಿಸಿ, ಎಳೆದಳು. ಒಂದು ಸಾಲು ಸರಸರನೆ ಬಿಚ್ಚಿಕೊಂಡಿತು.

“ಯಾ ಅಲ್ಲಾ! ಹುಚ್ಚ ಹಿಡದೈತೇನ ನಿನಗ?” ಅಮ್ಮಿ ಒಳಗಿಂದ ಓಡಿ ಬಂದಳು. “ಬೆರಳ ಉರೀ ಹಂಗ ಹೆಣದಿದ್ದೆಲ್ಲ!”

“ಇದು ನನಗ ಬೇಕು ಅಮ್ಮಿ. ಸಾಲಿಗೆ ಹೋಗೂಮುಂದ ಹಾಕ್ಕೊಳ್ಳಾಕ, ನನ್ನ ಅಳತಿಗೆ ಹೆಣೀತೇನಿ. ಬಿಳಿ ಅಂಗಿ ಮ್ಯಾಲೆ ಹೊಂದತೈತಿ.”

“ಮತ್ತ ಅಬ್ಬಾಗ?”

“ಅವರಿಗೆ ಬ್ಯಾರೆ ಹೆಣೀತೇನಿ.”

ಕೈಕಾಲು ತೊಳೆದು ಬಂದ ಅಬ್ಬಾ ಬಾಗಿಲಲ್ಲೇ ನಿಂತರು. ಬಿಚ್ಚಿದ ಉಲನ್ ಗುಂಗುರು ಗುಂಗುರಾಗಿ ಮಗಳ ಕಾಲ ಬಳಿ ಬಿದ್ದು ಸಿಕ್ಕಾಗುತ್ತಿತ್ತು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಅವಳೆದುರು ಕುಳಿತು ಎರಡೂ ಕೈಗಳನ್ನು ಮುಂದೆ ಚಾಚಿದರು, ಸುತ್ತು ಎನ್ನುವಂತೆ.

ಫರೀನ್ ಅವರ ಕೈಗಳಿಗೆ ಎಳೆಯನ್ನು ಸುತ್ತತೊಡಗಿದಳು. ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ.

“ಬ್ಯಾರೇದು ಯಾವ ಬಣ್ಣ?” ಎಂದು ಕೇಳಿದರು ಅಬ್ಬಾ.

“ಕೆಳಗ ಖಾಕಿ.”

“ಹ್ಞೂಂ.”

“ಹೆಗಲ ಮ್ಯಾಲೆ ಹಳದಿ.”

ಅಬ್ಬಾ ತಲೆಯೆತ್ತಿ ಅವಳನ್ನು ನೋಡಿದರು. ಆಮೇಲೆ ಎಳೆ ಸಡಿಲಾಗದಂತೆ ಕೈಗಳನ್ನು ತುಸು ಅಗಲಿಸಿದರು.

ಎಷ್ಟು ಸಬಕಾರ ಹಚ್ಚಿ ತೊಳೆದರೂ ಅವರ ಉಗುರಿನ ಸಂದಿಯಲ್ಲಿ, ಅಂಗೈಯ ಗೆರೆಗಳಲ್ಲಿ ಹಳದಿ ಉಳಿದಿತ್ತು. ಸುತ್ತಿದ ಬಿಳಿ ಎಳೆಗೆ ಅಲ್ಲಲ್ಲಿ ಅದು ಹತ್ತಿತು. ಅಬ್ಬಾಗೆ ಅದು ಕಂಡಿತು.

“ಅಯ್ಯ, ನಿಂದಕ್ಕೂ ಹತ್ತಾಕತ್ತೈತಲ್ಲ,” ಎಂದು ಕೈ ಹಿಂದಕ್ಕೆಳೆದುಕೊಳ್ಳಲು ಹೋದರು.

“ಹತ್ತಲಿ ಅಬ್ಬಾ. ನೀ ಅಲಗ್ಯಾಡಬ್ಯಾಡ,” ಎಂದಳು ಫರೀನ್, ಇನ್ನೊಂದು ಸಾಲು ಬಿಚ್ಚುತ್ತ.