ಕೇಳದೆ ಮುಟ್ಟಿದ ಕೈ

“ನೀನು ‘ಹಿಡಿ’ ಅನ್ನೋ ತನಕ ನಾನು ಬಾರ್ ಮುಟ್ಟಲ್ಲ. ನನ್ನಾಣೆ!”

ಎಂಟು ವರ್ಷಗಳ ಹಿಂದೆ ಒಬ್ಬ ಹುಡುಗ ಒಬ್ಬ ಹುಡುಗಿಗೆ ಕೊಟ್ಟ ಮಾತು ಇದು.

ಅವಳು ಬೆಂಚಿನ ಮೇಲೆ ಮಲಗಿ, ತೂಕದ ಬಿಲ್ಲೆ ಸಿಕ್ಕಿಸಿ ಎದೆಗೆ ಇಳಿಸಿದ ಕಬ್ಬಿಣದ ಬಾರನ್ನು ಮೇಲಕ್ಕೆ ಎತ್ತುತ್ತಿದ್ದಳು. ಅವನು ತಲೆಯ ಹಿಂದೆ ನಿಂತು ಕಾಯುತ್ತಿದ್ದ. ಅವಳ ಕೈ ಸೋತರೆ ಕಬ್ಬಿಣ ಮೈಮೇಲೆ ಬೀಳದಂತೆ ಹಿಡಿಯುವುದು ಅವನ ಕೆಲಸ. ಆದರೆ ಅವಸರಪಟ್ಟು ಮುಟ್ಟಿದರೆ ಎತ್ತಿದ್ದು ಲೆಕ್ಕಕ್ಕೇ ಇಲ್ಲ. ಅದಕ್ಕೇ ಆ ಮಾತು.

ಪ್ರೀತಿಸ್ತೀನಿ ಎಂದು ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಹೇಳುವ ಅಗತ್ಯವಾದರೂ ಏನಿತ್ತು? ಎದೆಯ ಮೇಲೆ ಎಪ್ಪತ್ತು ಕಿಲೋ ತೂಗುತ್ತಿರುವಾಗ ತಲೆಯ ಹಿಂದೆ ಯಾರನ್ನು ನಿಲ್ಲಿಸಿಕೊಳ್ಳುತ್ತೀರಿ ಎನ್ನುವುದಕ್ಕಿಂತ ದೊಡ್ಡ ಮಾತು ಇನ್ನೇನಿದೆ!

ಅದೇ ವರ್ಷ ನಡೆದ ಭಾರ ಎತ್ತುವ ಪಂದ್ಯದ ದಿನದಿಂದ ಎಂಟು ವರ್ಷ ಅವಳು ಅವನ ಮುಖ ನೋಡಿರಲಿಲ್ಲ.

ಈ ಸೋಮವಾರ ಬೆಳಗ್ಗೆ, ಪೀಠೋಪಕರಣದ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ, ಅವಳು ಕೆಲಸ ಮಾಡುವ ಫಿಟ್‌ನೆಸ್ ಕೇಂದ್ರದ ಬಾಗಿಲಲ್ಲಿ, ಅದೇ ಮುಖ!

“ಟೀಚರ್, ಇವರು ನಮ್ಮ ಹೊಸ ಟ್ರೈನರ್,” ಎಂದರು ಮ್ಯಾನೇಜರ್ ಮೇಡಂ. “ಯಾಕೆ ಹಾಗೆ ನೋಡ್ತಿದೀರಿ? ಮೊದಲೇ ಪರಿಚಯನಾ?”

“ಇಲ್ಲ,” ಎಂದಳು ಅವಳು.

“ಹೌದು,” ಎಂದ ಅವನು.

ಇಬ್ಬರೂ ಒಟ್ಟಿಗೇ!

ಮೇಡಂ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದರು. “ಸರಿ, ನೀವೇ ತೀರ್ಮಾನ ಮಾಡ್ಕೊಳ್ಳಿ. ಟೀಚರ್, ಗೋಡೆಗೆ ಹಾಕೋ ಬರಹ ಶನಿವಾರಕ್ಕೆ ಬೇಕು. ಇವರದ್ದೂ ಸೇರಿಸಿ.”

ಆ ಬರಹದ ತಲೆನೋವು ಅವಳ ಕೊರಳಿಗೇ ಬಿದ್ದಿತ್ತು. ಕೇಂದ್ರದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರ ಫೋಟೋ, ಕೆಳಗೆ ಅರ್ಧ ಪುಟ: ‘ಹಿನ್ನೆಲೆ ಮತ್ತು ತತ್ವ’. ಅವಳು ಅಲ್ಲಿ ಉಸಿರಾಟ ಮತ್ತು ಮೈ ಸಡಿಲಿಸುವ ತರಗತಿ ನಡೆಸುವವಳು. ನಾಲ್ಕು ಸಾಲು ನೆಟ್ಟಗೆ ಬರೆಯಬಲ್ಲವಳು ಅವಳೊಬ್ಬಳೇ ಎಂದು ಎಲ್ಲರದನ್ನೂ ಅವಳಿಗೇ ಕಟ್ಟಿದ್ದರು.

“ನಂದು ಏನೇ ತತ್ವ?” ಎಂದು ಮಸಾಜ್ ಅಕ್ಕ ಎಣ್ಣೆ ಕೈ ಒರೆಸಿಕೊಂಡು ನಕ್ಕಿದ್ದಳು. “ಕೈ ಬೆಚ್ಚಗಿರಬೇಕು, ಬಾಯಿ ಮುಚ್ಚಿರಬೇಕು. ಬರ್ಕೋ.”

“ಹಿನ್ನೆಲೆ?”

“ಗಂಡ ಓಡಿಹೋದ. ಅದನ್ನೂ ಗೋಡೆಗೆ ಹಾಕ್ತೀಯಾ?”

ಆಹಾರ ಹೇಳುವ ಡಯಟ್ ಸರ್ ಮಾತ್ರ ಮೂರು ಪುಟ ಕೊಟ್ಟಿದ್ದರು. ಬಾಗಿಲ ಹಿಂದೆ ನಿಂತು ಬನ್ ತಿನ್ನುವ ಸಂಗತಿ ಅದರಲ್ಲಿರಲಿಲ್ಲ.

ತನ್ನದನ್ನು ಅವಳು ಒಂದೇ ಸಾಲಿನಲ್ಲಿ ಮುಗಿಸಿದ್ದಳು. ‘ಮೈ ಸಾಕು ಎಂದಲ್ಲಿ ನಿಲ್ಲಿಸಿ.’ ಹಿನ್ನೆಲೆಯ ಜಾಗ ಖಾಲಿ.

ಏನೆಂದು ಬರೆಯುವುದು?

ಆ ಪಂದ್ಯದ ದಿನ ಅದು ಅವಳ ಮೂರನೆಯ, ಕೊನೆಯ ಸರದಿ. ಎಪ್ಪತ್ತೈದು ಕಿಲೋ. ಎತ್ತಿದರೆ ತಂಡದಲ್ಲಿ ಜಾಗ. ಚಿಕ್ಕ ಊರಿನ ಚಿಕ್ಕ ಪಂದ್ಯ, ಹಿಡಿಯಲು ಜನ ಸಾಲದೆ ಆಯೋಜಕರು ಅವನನ್ನೇ ನಿಲ್ಲಿಸಿದ್ದರು. ಅವಳಿಗೆ ಒಳಗೊಳಗೇ ಖುಷಿ! ಬಾರ್ ಅರ್ಧಕ್ಕೆ ಬಂದು ನಿಂತಿತು. ನಿಂತರೆ ತಪ್ಪಲ್ಲ, ಕೆಳಗೆ ಜಾರಿದರಷ್ಟೇ ತಪ್ಪು. ಹಲ್ಲು ಕಚ್ಚಿ ತಳ್ಳುತ್ತಿದ್ದಳು. ಇನ್ನೊಂದು ಗೇಣು...

ಅವನ ಕೈ ಬಂತು.

“ಅವಳೇ ಹಿಡಿ ಅಂದಳು,” ಎಂದ ಅವನು ತೀರ್ಪುಗಾರರಿಗೆ.

ಅವಳು ಅಂದಿರಲಿಲ್ಲ! ಎಷ್ಟು ಕೂಗಿಕೊಂಡರೂ ಯಾರು ಕೇಳಬೇಕು? ಆ ಗದ್ದಲದಲ್ಲಿ ಪಕ್ಕದಲ್ಲಿದ್ದವನು ಅವನೊಬ್ಬನೇ. ತಂಡದ ಜಾಗ ಅವನದೇ ಜಿಮ್ಮಿನ ಇನ್ನೊಬ್ಬ ಹುಡುಗಿಗೆ ಹೋಯಿತು. ಅಷ್ಟು ಸಾಕಿತ್ತು ಅವಳಿಗೆ. ಎರಡಕ್ಕೆ ಎರಡು ಕೂಡಿಸಿದಳು: ಆ ಹುಡುಗಿಗಾಗಿ ಬೇಕೆಂದೇ ಮೋಸ ಮಾಡಿದ. ಎದ್ದು ಬಂದವಳು ಮತ್ತೆ ಬಾರ್ ಮುಟ್ಟಲಿಲ್ಲ.

ಹೋಗಲಿ, ಜಾಗ ಹೋದರೆ ಹೋಯಿತು. ಆದರೆ ಅಪ್ಪ?

ಲಾರಿ ಓಡಿಸುತ್ತಿದ್ದ ಅಪ್ಪ ಆ ದಿನ ಬಾಡಿಗೆ ಬಿಟ್ಟು ಕೊನೆಯ ಸಾಲಿನಲ್ಲಿ ಕೂತು ನೋಡಿದ್ದರು. ಇವತ್ತಿಗೂ, ಅವಳು ಹಾಲು ಉಕ್ಕಿಸಿದರೂ, ಕೆಲಸ ಬಿಟ್ಟರೂ, ಒಂದು ಸಂಬಂಧ ಮುರಿದು ಬಿದ್ದಾಗಲೂ ಅದೇ ಮಾತು.

“ಕಡೇ ಗಳಿಗೇಲಿ ಕೈ ಚೆಲ್ಲೋದು ನಿನ್ನ ಹುಟ್ಟುಗುಣ ಬಿಡು.”

‘ಒಂದೇ ಒಂದು ಸಲ... ಅವಳು ಹಿಡಿ ಅನ್ನಲಿಲ್ಲ ಅಂತ ಅವನ ಬಾಯಿಂದಲೇ ಅಪ್ಪ ಕೇಳಬೇಕು. ಆಮೇಲೆ ಅವನು ಯಾವ ಹಾಳು ಬಾವಿಗಾದರೂ ಬೀಳಲಿ!’

ಎಂಟು ವರ್ಷ ಅವಳು ಬೇಡಿಕೊಂಡಿದ್ದು ಇದಿಷ್ಟೇ.

ಆ ವಾರವೆಲ್ಲ ಅವಳು ಅವನನ್ನು ದೂರದಿಂದಲೇ ಗಮನಿಸಿದಳು. ಅವನು ಕೆಲಸ ಮಾಡುವ ರೀತಿಯೇ ವಿಚಿತ್ರ! ಐದು ಕಿಲೋ ಎತ್ತುವವರ ಕೈ ಕೆಳಗೂ ಅವನ ಎರಡು ಅಂಗೈ ಸಿದ್ಧ. ಮೆಟ್ಟಿಲು ಹತ್ತುವ ಅಜ್ಜಿಯ ಬೆನ್ನ ಹಿಂದೆ ಹತ್ತಿದಷ್ಟೂ ಹತ್ತುತ್ತಿದ್ದ.

ಗುರುವಾರ ಅವಳಿಗೆ ತಡೆಯಲಾಗಲಿಲ್ಲ.

“ಏನ್ ಕೋಚ್, ಕ್ಲೈಂಟು ನೀರು ಕುಡಿದ್ರೂ ಬಾಟ್ಲಿ ನೀವೇ ಹಿಡ್ಕೊಳ್ತೀರಾ?”

ಸುತ್ತಲಿದ್ದವರು ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಪಾಯಿತು.

“ಅಭ್ಯಾಸ,” ಎಂದ.

“ಗೊತ್ತು. ಕೇಳದೆ ಕೈ ಹಾಕೋ ಅಭ್ಯಾಸ!”

ನಗು ನಿಂತಿತು. ಮಸಾಜ್ ಅಕ್ಕ ಅವಳ ಮೊಣಕೈ ಚಿವುಟಿ ಒಳಗೆ ಎಳೆದುಕೊಂಡು ಹೋದಳು.

“ಏನೇ ಇದು? ಮೂರು ದಿನದ ಪರಿಚಯಕ್ಕೆ ಯಾರೂ ಇಷ್ಟು ಸಿಟ್ಟು ಮಾಡಲ್ಲ ಕಣೇ. ನಿಜ ಹೇಳು, ನೀನು ಹೇಳ್ತಿದ್ದ ಆ ಪಂದ್ಯದೋನು ಇವನಾ?”

ಅವಳು ಟವೆಲ್ ಮಡಚುತ್ತಲೇ ಇದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು.

“ಅಯ್ಯೋ ದೇವರೇ,” ಎಂದಳು ಅಕ್ಕ. “ಇನ್ನೂ ಇದೆಯಾ?”

“ಏನು ಇದೆಯಾ?”

“ನಾನು ದಿನಾ ಎಂಟು ಬೆನ್ನು ನೋಡೋಳು. ನಿನ್ನ ಬೆನ್ನು ನಂಗೆ ಗೊತ್ತಾಗಲ್ವಾ?”

ಶುಕ್ರವಾರ ಮಧ್ಯಾಹ್ನ ಅವನು ಒಂದು ಹಾಳೆಯನ್ನು ಅವಳ ಮೇಜಿನ ಮೇಲಿಟ್ಟ.

“ನಂದು ನಾನೇ ಬರ್ದಿದೀನಿ. ತಿದ್ದಬೇಡ.”

ಅಷ್ಟೇ ಹೇಳಿ ಹೋದ. ಅಕ್ಷರ ಅದೇ, ಎಡಕ್ಕೆ ವಾಲಿದ್ದು.

‘ಹಿನ್ನೆಲೆ: ನನಗೆ ಈ ಕೆಲಸ ಕಲಿಸಿದವನು ನನ್ನಣ್ಣ. ತಾನು ಹೇಳುವ ತನಕ ಬಾರ್ ಮುಟ್ಟಬೇಡ ಎನ್ನುತ್ತಿದ್ದ. ನನಗೆ ಹತ್ತೊಂಬತ್ತು ವರ್ಷವಾಗಿದ್ದಾಗ ಒಂದು ದಿನ ಬಾರ್ ಜಾರಿ ಅವನ ಕತ್ತಿನ ಮೇಲೆ ಇಳಿಯಿತು. ಅವನು ಹೇಳುತ್ತಾನೆ ಎಂದು ಕಾದೆ. ಗಂಟಲು ಒತ್ತಿಹೋಗಿತ್ತು, ಅವನಿಗೆ ಹೇಳಲು ಆಗಲಿಲ್ಲ. ನಾನು ಕಾಯುತ್ತಲೇ ಇದ್ದೆ. ಇವತ್ತಿಗೂ ಅವನಿಗೆ ಮಾತು ಬರುವುದಿಲ್ಲ.

ಮೂರು ವರ್ಷದ ಮೇಲೆ, ನಾನು ಪ್ರೀತಿಸುತ್ತಿದ್ದ ಹುಡುಗಿಗೆ ಅದೇ ಮಾತು ಕೊಟ್ಟೆ. ಕೊಡಬಾರದಿತ್ತು. ಪಂದ್ಯದಲ್ಲಿ ಅವಳ ಬಾರ್ ಅರ್ಧಕ್ಕೆ ನಿಂತಿತು. ಅವಳು ಹಿಡಿ ಅನ್ನಲಿಲ್ಲ. ಹಿಡಿದುಬಿಟ್ಟೆ. ಅಂದಳು ಎಂದು ಸುಳ್ಳು ಹೇಳಿದೆ.

ತತ್ವ: ಇಲ್ಲ.’

ಓದಿದಳು. ಮತ್ತೆ ಓದಿದಳು. ಅಕ್ಷರಗಳು ಕಣ್ಣಲ್ಲಿ ಕಲೆಸಿಹೋದವು.

ಅಣ್ಣ... ಅವನ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದಷ್ಟೇ ಅವಳಿಗೆ ಗೊತ್ತಿತ್ತು. ಕೇಳಿದಾಗಲೆಲ್ಲ ಮಾತು ಹಾರಿಸುತ್ತಿದ್ದ. ಅಳಬೇಕೋ, ಸಿಟ್ಟು ಮಾಡಬೇಕೋ? ಕಾಲು ಮಾತ್ರ ತಾನಾಗಿ ನಡೆಯಿತು.

ಅವನು ಒಳಕೋಣೆಯಲ್ಲಿ ರಬ್ಬರ್ ಚಾಪೆಗಳನ್ನು ಒರೆಸುತ್ತಿದ್ದ. ಅವಳು ಬಾಗಿಲು ಮುಚ್ಚಿದಳು.

“ಸುಳ್ಳು ಯಾಕೆ ಹೇಳ್ದೆ? ಹೆದರಿ ಹಿಡಿದೆ, ಒಪ್ಕೊಳ್ತೀನಿ. ‘ನಾನೇ ಕೇಳದೆ ಮುಟ್ಟಿದೆ’ ಅಂದಿದ್ರೆ ತಪ್ಪು ನಿಂದಾಗ್ತಿತ್ತು, ನನಗೆ ಇನ್ನೊಂದು ಸರದಿ ಕೊಡ್ತಿದ್ರು. ನಿಯಮ ನಿನಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು.”

“ಮತ್ತೆ?”

ಅವನು ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿದ. ನೀರೆಲ್ಲ ಹೋದ ಮೇಲೂ ಹಿಂಡುತ್ತಲೇ ಇದ್ದ.

“ಅದಕ್ಕೇ ಹೇಳ್ದೆ,” ಎಂದ ಕೊನೆಗೆ. “ಇನ್ನೊಂದು ಸರದಿ ಕೊಟ್ರೆ ನೀನು ಮತ್ತೆ ಅದರ ಕೆಳಗೆ ಮಲಗ್ತಿದ್ದೆ. ನಾನು ಮತ್ತೆ ನಿನ್ನ ತಲೆ ಹಿಂದೆ ನಿಲ್ಲಬೇಕಿತ್ತು. ನನ್ನ ಕೈಲಿ ಆಗ್ತಿರ್ಲಿಲ್ಲ.”

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು.

ಎಂಟು ವರ್ಷ ಅವಳು ದ್ವೇಷಿಸಿದ್ದು ಒಬ್ಬ ಮೋಸಗಾರನನ್ನು. ಮೋಸಗಾರನನ್ನು ದ್ವೇಷಿಸುವುದು ಸುಲಭ. ಇಲ್ಲಿ ಕೂತಿದ್ದವನು ಬರಿಯ ಹೆದರುಪುಕ್ಕಲ. ಅವಳನ್ನು ಅಷ್ಟೊಂದು ಪ್ರೀತಿಸಿ, ಆ ಪ್ರೀತಿಯಿಂದಲೇ ಅವಳ ಬದುಕು ಹಾಳುಮಾಡಿದವನು!

“ಆ ಇನ್ನೊಬ್ಬಳು? ನಿನ್ನ ಜಿಮ್ಮಿನವಳು?”

“ಯಾರು?” ಅವನ ಮುಖದಲ್ಲಿ ನಿಜವಾದ ಗೊಂದಲ. “ಯಾರು ಗೆದ್ರು ಅಂತಾನೂ ನಾನು ನೋಡ್ಲಿಲ್ಲ.”

ಅವಳು ಚಾಪೆಗಳ ರಾಶಿಯ ಮೇಲೆ ಕುಸಿದು ಕೂತಳು.

“ಒಂದು ಕೇಳ್ತೀನಿ. ಸಮಾಧಾನ ಮಾಡೋಕೆ ಹೋಗ್ಬೇಡ. ನಾನು ಅದನ್ನ ಎತ್ತುತ್ತಿದ್ದೆನಾ?”

ಅವನು ತಲೆಯೆತ್ತಿ ನೋಡಿದ. ಕಣ್ಣಲ್ಲಿ ನೀರಿತ್ತು, ದನಿಯಲ್ಲಿರಲಿಲ್ಲ.

“ಎತ್ತುತ್ತಿದ್ದೆ. ನನ್ನ ಕೈ ತಾಗಿದಾಗ ಬಾರ್ ಮೇಲಕ್ಕೆ ಹೊರಟಿತ್ತು.”

ಅವಳು ಅತ್ತಳು. ಸದ್ದಿಲ್ಲದೆ, ಮೂಗು ಒರೆಸಿಕೊಳ್ಳದೆ ಅತ್ತಳು. ಅವನು ಹತ್ತಿರ ಬರಲಿಲ್ಲ.

“ಗೋಡೆಗೆ ಹಾಕು,” ಎಂದ. “ಎಲ್ಲರೂ ಓದಲಿ. ಕೆಲಸ ಹೋದ್ರೆ ಹೋಗಲಿ.”

“ಗೋಡೆ ಯಾರಿಗೆ ಬೇಕು? ಓದೋರಿಗೆ ನಾನ್ಯಾರೋ, ನೀನ್ಯಾರೋ. ನಮ್ಮಪ್ಪನ ಮುಂದೆ ಹೇಳು.”

ಅವನು ಒಂದು ಕ್ಷಣವೂ ಯೋಚಿಸಲಿಲ್ಲ. “ಯಾವಾಗ?”

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಅಪ್ಪ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಬೆನ್ನಿಗೆ ಎರಡು ದಿಂಬು. ಲಾರಿ ಬಿಟ್ಟು ನಾಲ್ಕು ವರ್ಷವಾಗಿತ್ತು.

“ಯಾರಮ್ಮಾ ಇವನು?”

“ಪಂದ್ಯದ ದಿನ ನನ್ನ ಹಿಂದೆ ನಿಂತಿದ್ದೋನು.”

ಅಪ್ಪ ಕನ್ನಡಕ ಸರಿಮಾಡಿಕೊಂಡರು. “ಓ... ಇವಳು ಕೈ ಚೆಲ್ಲಿದಾಗ ಹಿಡಿದೋನಾ? ಬಾಪ್ಪಾ, ಕೂತ್ಕೋ. ನೀನಿಲ್ದೆ ಹೋಗಿದ್ರೆ ಅವತ್ತು ಏನಾಗ್ತಿತ್ತೋ ಏನೋ.”

ಅವನು ಕೂರಲಿಲ್ಲ.

“ಇವಳು ಕೈ ಚೆಲ್ಲಲಿಲ್ಲ, ಅಪ್ಪಾಜಿ. ಹಿಡಿ ಅಂತಾನೂ ಅನ್ನಲಿಲ್ಲ. ನಾನೇ ಹೆದರಿ ಹಿಡಿದೆ, ಆಮೇಲೆ ಸುಳ್ಳು ಹೇಳ್ದೆ. ಇವಳು ಎತ್ತುತ್ತಿದ್ದಳು.”

ಅಡುಗೆಮನೆಯಲ್ಲಿದ್ದ ಅಮ್ಮ ಕೈಯ ತಟ್ಟೆ ಇಟ್ಟು ಬಾಗಿಲಿಗೆ ಬಂದರು.

ಅಪ್ಪ ಪೇಪರನ್ನು ನಾಲ್ಕಾಗಿ ಮಡಚಿದರು. ಬೈಯುತ್ತಾರೆ, ಎದ್ದು ಹೊಡೆಯುತ್ತಾರೆ ಎಂದುಕೊಂಡಳು. ಎರಡೂ ಆಗಲಿಲ್ಲ.

“ಇವಳು ಅವತ್ತೇ ಹೇಳಿದ್ಲು,” ಎಂದರು, ಅವನನ್ನೂ ಅಲ್ಲ, ಅವಳನ್ನೂ ಅಲ್ಲ, ನೆಲವನ್ನು ನೋಡುತ್ತ. “ಬಸ್ಸಲ್ಲಿ ದಾರಿಯುದ್ದಕ್ಕೂ ಹೇಳಿದ್ಲು. ಯಾವನೋ ಗೊತ್ತಿಲ್ಲದೋನ ಮಾತು ನಂಬಿದೆ. ಮಗಳ ಮಾತು ನಂಬಲಿಲ್ಲ.”

“ಅಪ್ಪಾ...”

“ನೀನು ಸುಮ್ನಿರು.” ಅವರು ಕನ್ನಡಕ ತೆಗೆದರು. “ಇವನು ಸುಳ್ಳು ಹೇಳಿದ್ದು ಒಂದು ದಿನ. ನಾನು ಎಂಟು ವರ್ಷ ದಿನಾ ಹೇಳ್ದೆ.”

ಎದ್ದು, ಗೋಡೆ ಹಿಡಿದುಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವಳು ಇಷ್ಟು ವರ್ಷ ಕಾದಿದ್ದ ಗಳಿಗೆ ಇದೇ. ಗೆದ್ದಂತೆ ಯಾಕೆ ಅನಿಸುತ್ತಿಲ್ಲ? ಬಾಯೆಲ್ಲ ಕಹಿ, ಹಾಗಲಕಾಯಿ ಅಗಿದ ಹಾಗೆ.

ಅವನು ಮೆಟ್ಟಿಲಿಳಿದು ಬೀದಿಗೆ ಬಂದಾಗ ಅವಳೂ ಹಿಂದೆ ಬಂದಳು. ಎದುರು ಮನೆಯ ಗೇಟಿಗೆ ಯಾರೋ ಬಣ್ಣ ಬಳಿಯುತ್ತಿದ್ದರು.

“ನಾಳೆಯಿಂದ ನಾನು ಬೇರೆ ಕಡೆ ಕೆಲಸ ನೋಡ್ಕೊಳ್ತೀನಿ,” ಎಂದ ಅವನು. “ಕಣ್ಣೆದುರಿಗೆ ಇರಲ್ಲ.”

“ಮತ್ತೆ ನೀನೇ ತೀರ್ಮಾನ ಮಾಡ್ದೆ. ನನ್ನ ಕೇಳ್ದೆಯಾ?”

ಅವನು ನಿಂತ. ಅವಳು ಕಂಡ ಹಾಗೆ ಮೊದಲ ಸಲ ಅವನ ಎರಡೂ ಕೈ ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಜೋತುಬಿದ್ದಿದ್ದವು.

“ಏನು ಮಾಡ್ಲಿ? ಹೇಳು.”

“ನಿನ್ನ ಕ್ಷಮಿಸೋಕೆ ನಂಗೆ ಆಗಲ್ಲ. ಇವತ್ತಂತೂ ಆಗಲ್ಲ. ಬಹುಶಃ ಯಾವತ್ತೂ ಆಗಲ್ಲ.”

“ಕ್ಷಮಿಸು ಅಂತ ನಾನು ಕೇಳೋದಿಲ್ಲ.”

“ಕೇಳ್ಬೇಡ.” ಅವಳ ದನಿ ಒಡೆಯಿತು. “ಆದ್ರೆ ಹೋಗಬೇಡ. ಎಂಟು ವರ್ಷ ನಿನ್ನನ್ನ ಬೈಕೊಂಡು ಬದುಕಿದೀನಿ ಕಣೋ. ಬೈಯೋಕಾದ್ರೂ ಎದುರಿಗೆ ಇರು.”

“ಎಷ್ಟು ದಿನ?”

“ನಂಗೆ ಸಾಕು ಅನ್ಸೋ ತನಕ.”

“ಸಾಕು ಅನಿಸದೇ ಹೋದ್ರೆ?”

ಅವಳು ಅಂಗೈಯಿಂದ ಮುಖ ಒರೆಸಿಕೊಂಡಳು. ನಗಲಿಲ್ಲ. ಅವನ ಪಕ್ಕದಲ್ಲಿ ಬಂದು ನಿಂತಳು, ಅಷ್ಟೇ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ.

“ಆಗ ನಿನ್ನ ಗ್ರಹಚಾರ. ಮುದುಕ ಆಗೋ ತನಕ ಬೈಸ್ಕೋ.”

“ಸರಿ,” ಎಂದ ಅವನು. “ಬೈಸ್ಕೊಳ್ತೀನಿ.”

ಅವಳು ಹೇಳುವ ತನಕ ಬಾರ್ ಮುಟ್ಟುವುದಿಲ್ಲ ಎಂದು ಅವನು ಆಣೆ ಇಟ್ಟು ಮಾತು ಕೊಟ್ಟಿದ್ದ. ಆ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ. ಈ ಸಲ ಆಣೆ ಇಡಲಿಲ್ಲ; ಅಲ್ಲೇ ನಿಂತ.