ನೈರೋಬಿಯಿಂದ ಅಕ್ರಾಗೆ ಎಷ್ಟು ಹೊತ್ತು?

ಸಿದ್ದೇಶ್ವರಿ ಕರಿಬೇವಿನ ಎಸಳುಗಳನ್ನು ಪುಟ್ಟ ಕವರುಗಳಿಗೆ ತುಂಬುತ್ತಿದ್ದಳು. ಎದುರಿಗೆ ನಿಂತಿದ್ದ ಅಭಿನವನೂ ಒಂದು ಕವರು ತೆಗೆದುಕೊಂಡ. ಬೆರಳು ತಗುಲಿದಾಗ ಅವಳು ಬೇರೆ ಕವರಿಗೆ ಕೈಹಾಕಿದಳು.

ಅಮೆರಿಕಾದ ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್‌ನ ಈ ಅಂಗಡಿ ಅವಳ ಚಿಕ್ಕಮ್ಮ ವಿದ್ಯಾವತಿಯದು. ರಾಲಿಯ ಲಸಿಕೆ ಕಂಪನಿಯೊಂದರಲ್ಲಿದ್ದ ಅಭಿನವ, ಇಲ್ಲಿನ ಅಕ್ಕನ ಮನೆಗೆ ಬಂದಾಗಲೆಲ್ಲ ಅಂಗಡಿಗೂ ಬರುತ್ತಿದ್ದ.

"ನಾಳೆ ಆಫ್ರಿಕಾಗೆ ಹೊರಟಿದ್ದೀನಿ," ಎಂದ ಕೊನೆಗೆ. "ನನ್ನನ್ನ ಮದುವೆ ಆಗ್ತೀಯಾ? ಈಗ್ಲೇ ಹೇಳ್ಬೇಡ. ಗುರುವಾರ ನೈರೋಬಿಯಿಂದ ಅಕ್ರಾಗೆ ಹೋಗ್ತೀನಿ. ಇಳಿದ ತಕ್ಷಣ ಕಾಲ್ ಮಾಡ್ತೀನಿ. ಆಗ ಹೇಳು."

ಅವಳು ಕಟ್ಟಿದ ಕವರನ್ನೇ ಮತ್ತೊಮ್ಮೆ ಕಟ್ಟಿದಳು.

ಗುರುವಾರ ಅಂಗಡಿ ತೆರೆಯುವಾಗ ಅವನ ಮೆಸೇಜ್ ಬಂತು. ನೈರೋಬಿಯಲ್ಲಿ ವಿಮಾನ ಹತ್ತುತ್ತಿದ್ದ.

ರಾಲಿಯಿಂದ ಅಟ್ಲಾಂಟಾಕ್ಕೆ ಅವನು ವಿಮಾನದಲ್ಲಿ ಒಂದೂವರೆ ಗಂಟೆಯಲ್ಲಿ ಬರುತ್ತಿದ್ದ. ನೈರೋಬಿ, ಅಕ್ರಾ ಎರಡೂ ಆಫ್ರಿಕಾವೇ ತಾನೇ... ಅಷ್ಟೇ ಇರಬೇಕು. ಏಳನೇ ತರಗತಿಗೇ ಶಾಲೆ ಬಿಟ್ಟವಳಿಗೆ ಗೊತ್ತಿದ್ದದ್ದು ಆ ಒಂದೇ ಅಳತೆ.

ಊಟದ ಹೊತ್ತಾದರೂ ಫೋನ್ ಬರಲಿಲ್ಲ. ಜೀರಿಗೆ ತೂಗುವಾಗಲೂ ಅವಳ ಕಣ್ಣು ಫೋನಿನ ಮೇಲೇ ಇತ್ತು. ಇಳಿದು ಎಷ್ಟು ಹೊತ್ತಾಯಿತೋ! ಮನಸ್ಸು ಬದಲಾಯಿತೇ? ಓದದವಳು ಅನ್ನುವುದು ಈಗ ನೆನಪಾಯಿತೇ?

"ಹೋದ ತಿಂಗಳು ನಿನ್ನನ್ನ ನೋಡೋಕೆ ಬಂದಿದ್ದ ರೆಸ್ಟನ್ ಹುಡುಗನ ಮನೆಯವರು ಇವತ್ತೇ ಹೇಳಿ ಅಂತಿದ್ದಾರೆ ಕಣೇ," ಎಂದಳು ಚಿಕ್ಕಮ್ಮ. "ಆ ರಾಲಿಯವನು ಬರೋದು ಕರಿಬೇವಿಗೆ, ನಿನಗಲ್ಲ. ಹೂಂ ಅಂದ್ಬಿಡ್ಲಾ?"

ಹೂಂ ಎಂಬಂತೆ ಸಿದ್ದೇಶ್ವರಿಯ ತಲೆ ತಾನಾಗಿಯೇ ಆಡಿತು. ಚಿಕ್ಕಮ್ಮ ಅಂಗಡಿಯ ಫೋನ್ ಎತ್ತಿದಳು.

ಬಿಲ್‌ಗೆ ನಿಂತಿದ್ದ ಡಾಕ್ಟರ್ ಗುರುದತ್ತ ಹಿಂದೆ ಘಾನಾದ ಅಕ್ರಾದಲ್ಲಿದ್ದವರು. ಗಿರಾಕಿಗಳೊಂದಿಗೆ ಬೆಲೆ ಬಿಟ್ಟು ಬೇರೇನೂ ಮಾತಾಡದ ಸಿದ್ದೇಶ್ವರಿ ಅವರತ್ತ ತಿರುಗಿದಳು.

"ಅಂಕಲ್, ನೈರೋಬಿಯಿಂದ ಅಕ್ರಾಗೆ ವಿಮಾನದಲ್ಲಿ ಎಷ್ಟು ಹೊತ್ತು?"

"ಆರು ಗಂಟೆ ಹತ್ರ. ನಾಲ್ಕು ಸಾವಿರ ಕಿಲೋಮೀಟರ್ ಮೇಲಿದೆಯಮ್ಮ."

"ಎರಡೂ ಆಫ್ರಿಕಾನೇ ಅಲ್ವಾ?"

"ಅಟ್ಲಾಂಟಾ, ಸಿಯಾಟಲ್ ಎರಡೂ ಅಮೆರಿಕಾನೇ. ನಡ್ಕೊಂಡು ಹೋಗಿ ಬರ್ತೀಯಾ? ಇದು ಅದಕ್ಕಿಂತ ದೂರ."

ಹಾಗಾದರೆ ಅವನು ಇನ್ನೂ ಆಕಾಶದಲ್ಲೇ ಇದ್ದಾನೆ...

ಅವಳು ಓಡಿಹೋಗಿ ಚಿಕ್ಕಮ್ಮನ ಫೋನಿನ ಗುಂಡಿ ಒತ್ತಿ ಹಿಡಿದಳು.

"ಏನೇ ಇದು? ರಿಂಗ್ ಆಗ್ತಿತ್ತು!"

"ಬೇಡ ಅನ್ನಿ ಚಿಕ್ಕಮ್ಮ. ನಾನು ಅಭಿನವ್ ಅವರನ್ನೇ ಮದುವೆ ಆಗೋದು."

ಅಷ್ಟು ಜೋರಾಗಿ ಅವಳು ಆ ಅಂಗಡಿಯಲ್ಲಿ ಎಂದೂ ಮಾತಾಡಿರಲಿಲ್ಲ. ಚಿಕ್ಕಮ್ಮ ರಿಸೀವರ್ ಕೆಳಗಿಟ್ಟಳು. ಸಿದ್ದೇಶ್ವರಿ ಅಕ್ಕಿ ಮೂಟೆಗಳ ಸಾಲಿಗೆ ಹೋಗಿ ಅವನ ನಂಬರ್ ಒತ್ತಿದಳು. ವಾಯ್ಸ್‌ಮೇಲ್ ಬೀಪ್ ಎಂದಿತು.

"ನಾನು... ಸಿದ್ದೇಶ್ವರಿ. ನೀವಿನ್ನೂ ಇಳಿದಿಲ್ಲ ಅಂತ ಗೊತ್ತು. ಅಲ್ಲೀವರೆಗೂ ತಡೆಯೋಕಾಗ್ಲಿಲ್ಲ. ಹೂಂ. ನನ್ನ ಉತ್ತರ ಹೂಂ."

ಆ ಕಡೆ ಬರಿಯ ಮೌನ. ಆದರೂ ಅವಳಿಗೆ ಫೋನ್ ಇಡಲು ಮನಸ್ಸಾಗಲಿಲ್ಲ.

"ಮುಂದಿನ ಸಲ ನನ್ನನ್ನೂ ಕರ್ಕೊಂಡು ಹೋಗಿ."